ಡಾಕ್ಟರರ ಪಕ್ಕದ ಕುರ್ಚಿ

ಮಕ್ಕಳೇ, ಮನೆಗೆ ಬಂದ ಬೀಗರು ನಿಮಗೆ ಕೇಳುವ ಪ್ರಶ್ನೆಗಳು ಎರಡೇ. ಒಂದು, ‘ಎಷ್ಟನೇ ಇಯತ್ತೆ?’ ಇನ್ನೊಂದು, ‘ಮುಂದೆ ಏನಾಗ್ತೀ?’ ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಿಮ್ಮಲ್ಲಿ ಬಹಳ ಮಂದಿ ‘ಡಾಕ್ಟರ್’ ಅನ್ನುತ್ತೀರಿ. ಹಾಗಂದ ಕೂಡಲೇ ಬೀಗರು ತಲೆ ಸವರುತ್ತಾರೆ. ಅವ್ವ ಒಳಗಿಂದ ಇನ್ನೊಂದು ಶೇಂಗಾ ಉಂಡಿ ತಂದು ಕೈಗೆ ಕೊಡುತ್ತಾಳೆ. ಉಂಡಿಯ ಆಸೆಗೆ ಡಾಕ್ಟರ್ ಆಗುತ್ತೇನೆ ಅಂದವರೂ ಇರಬಹುದು. ಇರಲಿ, ಅದೂ ಒಂದು ಕಾರಣವೇ!

ಆದರೆ ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಬ್ಯಾಂಕಿನವನಲ್ಲವೇ, ಲೆಕ್ಕ ಬಿಟ್ಟು ನನಗೆ ಮಾತು ಬರುವುದಿಲ್ಲ. ಮುಂದಿನ ಸಲ ದೊಡ್ಡ ದವಾಖಾನೆಗೆ ಹೋದಾಗ ಬಾಕಿನ ಮೇಲೆ ಕುಳಿತು ಅಲ್ಲಿ ಕೆಲಸ ಮಾಡುವವರನ್ನು ಎಣಿಸಿ. ಚೀಟಿ ಬರೆಯುವವರು, ರಕ್ತ ತೆಗೆಯುವವರು, ಎಕ್ಸ್‌ರೇ ತೆಗೆಯುವವರು, ಔಷಧ ಕೊಡುವವರು, ನರ್ಸ್‌ಬಾಯಿಯವರು, ಗಾಲಿ ಕುರ್ಚಿ ತಳ್ಳುವವರು, ನೆಲ ಒರೆಸುವವರು. ನಿಮ್ಮ ಎರಡೂ ಕೈಯ ಬೆರಳು ಮುಗಿದಮೇಲೆ ಡಾಕ್ಟರ್ ಸಾಹೇಬರು ಬರುತ್ತಾರೆ. ಅವರೊಬ್ಬರೇ ದವಾಖಾನೆಯಲ್ಲ. ಈ ಎಲ್ಲರೂ ಸೇರಿದರೆ ದವಾಖಾನೆ.

ಈ ವಾರ ನಾನು ಹೇಳಬೇಕೆಂದಿರುವುದು ಈ ಸಾಲಿಗೆ ಹೊಸದಾಗಿ ಬಂದು ನಿಂತ ಒಬ್ಬರ ಬಗ್ಗೆ. ಅವರಿಗೆ ಫಿಸಿಷಿಯನ್ ಅಸಿಸ್ಟೆಂಟ್ ಎಂದು ಹೆಸರು. ಕನ್ನಡದಲ್ಲಿ ವೈದ್ಯರ ಸಹಾಯಕರು ಅನ್ನೋಣ. ಡಾಕ್ಟರರ ಪಕ್ಕದ ಕುರ್ಚಿಯಲ್ಲಿ ಕೂಡ್ರುವವರು ಅಂದರೂ ನಡೆದೀತು.

ನನ್ನ ವಯಸ್ಸಿನ ಅಜ್ಜ-ಅಜ್ಜಿಯರು ಈಗ, ‘ಇದೇನು ಹೊಸದು? ನಮ್ಮ ಕಾಲದಲ್ಲಿ ಕಂಪೌಂಡರ್ ಇರಲಿಲ್ಲವೇ?’ ಎಂದು ಕೇಳುತ್ತಾರೆ. ಇದ್ದರು. ನಾನು ಸಣ್ಣವನಿದ್ದಾಗ ಕೆಂಪು ಔಷಧದ ಬಾಟಲಿಯ ಮೇಲೆ ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸಿ, ‘ಒಂದು ಹೊತ್ತಿಗೆ ಒಂದು ಗೆರೆ’ ಎಂದು ಹೇಳಿ ಕೊಡುತ್ತಿದ್ದವರು ಅವರೇ. ಗಾಯಕ್ಕೆ ಪಟ್ಟಿ ಕಟ್ಟುವವರು, ಸೂಜಿ ಕುದಿಸುವವರು, ಅಳುವ ಕೂಸನ್ನು ರಮಿಸುವವರೂ ಅವರೇ. ಡಾಕ್ಟರರ ಮುಂದೆ ಹೇಳಲು ಅಂಜಿದ್ದನ್ನು ಜನ ಕಂಪೌಂಡರರ ಕಿವಿಯಲ್ಲಿ ಹೇಳುತ್ತಿದ್ದರು. ಆದರೆ ಆ ಕೆಲಸವನ್ನು ಬಹಳ ಮಂದಿ ನೋಡಿ ನೋಡಿ ಕಲಿತಿದ್ದರು. 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಕ್ರಮೇಣ ಔಷಧ ಕೊಡುವುದಕ್ಕೆ ಪರೀಕ್ಷೆ, ನೋಂದಣಿ ಎಲ್ಲ ಬೇಕಾದವು. ಅದು ಒಳ್ಳೆಯದೇ ಆಯಿತು. ಆದರೆ ಕಿವಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಆ ಮನುಷ್ಯ ಹಲವು ಕಡೆ ಕಾಣೆಯಾದ.

ಇನ್ನು ಕಥೆಗೆ ಬರುತ್ತೇನೆ. ನಮ್ಮ ಯಮಕನಮರಡಿಯಲ್ಲಿ ಯಾರಿಗಾದರೂ ಅರ್ಜಿ ತುಂಬುವುದಿದ್ದರೆ ನನ್ನ ಕಟ್ಟೆಗೆ ಬರುತ್ತಾರೆ. ಪಿಂಚಣಿ ಅರ್ಜಿ, ಬೆಳೆಸಾಲದ ಅರ್ಜಿ, ಶಾಲೆಯ ಅರ್ಜಿ, ಯಾವುದಿದ್ದರೂ ಸರಿ. ನಿವೃತ್ತಿಯಾದರೂ ಪೆನ್ನು ನನ್ನನ್ನು ಬಿಟ್ಟಿಲ್ಲ. ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹುಡುಗಿ ತನ್ನ ಮುತ್ಯಾನ ಜೊತೆ ಬಂದಳು. ಪಿಯುಸಿ ವಿಜ್ಞಾನ ಪಾಸಾಗಿ, ನೀಟ್ ಪರೀಕ್ಷೆ ಎರಡು ಸಲ ಬರೆದು, ಸೀಟು ಸಿಗದೆ, ಒಂದು ಡಿಪ್ಲೊಮಾ ಮಾಡಿಕೊಂಡು ಈಗ ಮೂರು ವರ್ಷದಿಂದ ಪಟ್ಟಣದ ದವಾಖಾನೆಯಲ್ಲಿ ಇಸಿಜಿ ತೆಗೆಯುವ ಕೆಲಸ ಮಾಡುತ್ತಾಳೆ. ಎದೆಯ ಮೇಲೆ ತಂತಿ ಹಚ್ಚಿ ಕಾಗದದ ಮೇಲೆ ಗೆರೆ ತೆಗೆಯುತ್ತಾರಲ್ಲ, ಅದು. ಅವಳ ಕೈಯಲ್ಲಿ ಬಿ.ಎಸ್ಸಿ. ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸಿನ ಅರ್ಜಿ ಇತ್ತು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: ‘ಈ ಕೋರ್ಸನ್ನು ಯಾಕೆ ಆರಿಸಿಕೊಂಡಿದ್ದೀರಿ? 200 ಪದಗಳಲ್ಲಿ ಬರೆಯಿರಿ.’

ಆಕೆ ಒಂದು ಉತ್ತರ ಬರೆದುಕೊಂಡೇ ಬಂದಿದ್ದಳು. ಸೇವೆಯೇ ದೇವರು, ಬಡವರ ಕಣ್ಣೀರು ಒರೆಸುವುದು ನನ್ನ ಗುರಿ, ಚಿಕ್ಕಂದಿನಿಂದ ನನ್ನ ಕನಸು, ಹೀಗೆಲ್ಲ. ಅಕ್ಷರ ಮುತ್ತಿನಂತಿತ್ತು. ನಾನು ಕನ್ನಡಕ ತೆಗೆದಿಟ್ಟೆ.

“ಇದನ್ನ ಯಾರು ಬೇಕಾದ್ರೂ ಬರೀತಾರವ್ವಾ. ಇದರಾಗ ನೀ ಎಲ್ಲಿ ಅದಿ?” ಅಂದೆ.

ಆಕೆ ಉತ್ತರ ಕೊಡುವ ಮೊದಲೇ ಮುತ್ಯಾ ನಡುವೆ ಬಾಯಿ ಹಾಕಿದರು. “ಸಾಹೇಬ್ರ, ನಂದೂ ಒಂದು ಮಾತು ಕೇಳ್ರಿ. ಈಗ ಕೈಯಾಗ ಪಗಾರ ಐತಿ. ಅದನ್ನ ಬಿಟ್ಟು ನಾಕು ವರ್ಷ ಮತ್ತ ಓದಿ, ಕಡೀಗೂ ಡಾಕ್ಟರ್ ಆಗಂಗಿಲ್ಲ ಅಂದ್ರ ಹ್ಯಾಂಗ? ಅರ್ಧ ಡಾಕ್ಟರ್ ಆಗಾಕ ಇಷ್ಟು ರೊಕ್ಕ ಯಾಕ ಸುರೀಬೇಕು? ಮದುವಿ ವಯಸ್ಸೂ ಮೀರತೈತಿ.”

ಹುಡುಗಿ ತಲೆ ತಗ್ಗಿಸಿದಳು. ಮುತ್ಯಾನ ಮಾತಿನಲ್ಲಿ ಸಿಟ್ಟಿರಲಿಲ್ಲ, ಚಿಂತೆ ಇತ್ತು. ಎರಡು ಎಕರೆ ಒಣ ಹೊಲದವರ ಚಿಂತೆ ಅದು. ಇಬ್ಬರಿಗೂ ಚಹಾ ತರಿಸಿದೆ. ಆಮೇಲೆ ನನಗೆ ತಿಳಿದಿದ್ದ ಒಂದಿಷ್ಟು ಇತಿಹಾಸ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ. ಒಂದು ಕೆಲಸ ದೊಡ್ಡದೋ ಸಣ್ಣದೋ ಎಂದು ತಿಳಿಯಬೇಕಾದರೆ ಅದನ್ನು ಮೊದಲು ಮಾಡಿದವರು ಯಾರು, ಯಾಕೆ ಮಾಡಿದರು ಎಂದು ನೋಡಬೇಕು.

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದಲ್ಲಿ ಗಾರ್ಲ್ಯಾಂಡ್ ಎಂಬ ಸಣ್ಣ ಊರು. ನಮ್ಮ ಕಡೆಯ ಹಳ್ಳಿಗಳಂತೆ ಅಲ್ಲಿಯೂ ಸುತ್ತಲಿನ ಜನಕ್ಕೆಲ್ಲ ಒಬ್ಬರೇ ಡಾಕ್ಟರು. ಅವರ ಹೆಸರು ಆಮೋಸ್ ಜಾನ್ಸನ್. ಅವರ ಹತ್ತಿರ ಬಡಿ ಟ್ರೆಡ್‌ವೆಲ್ ಎಂಬ ಕಪ್ಪು ಜನಾಂಗದ ಸಹಾಯಕ ಇದ್ದ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಬಾಗಿಲು ಇದ್ದ ಕಾಲ ಅದು. ಡಾಕ್ಟರ್ ಜಾನ್ಸನ್ ತಮ್ಮ ಕೆಲಸವನ್ನು ಒಂದೊಂದಾಗಿ ಆತನಿಗೆ ಕಲಿಸಿದರು. ಟ್ರೆಡ್‌ವೆಲ್ ಎಷ್ಟು ಚೆನ್ನಾಗಿ ಕಲಿತನೆಂದರೆ, ಡಾಕ್ಟರು ಸಭೆಗೋ ತರಬೇತಿಗೋ ಬೇರೆ ಊರಿಗೆ ಹೋದಾಗ ರೋಗಿಗಳನ್ನು ಆತ ನೋಡಿಕೊಳ್ಳುತ್ತಿದ್ದ. ಡಾಕ್ಟರಿಗೆ ಹೊಸದನ್ನು ಕಲಿಯಲು ಸಮಯ ಸಿಕ್ಕಿತು, ಊರಿನವರಿಗೆ ಬಾಗಿಲು ಮುಚ್ಚಿದ ದವಾಖಾನೆ ನೋಡುವುದು ತಪ್ಪಿತು.

ಅದೇ ರಾಜ್ಯದ ಡರ್ಹ್ಯಾಮ್ ಪಟ್ಟಣದಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ವೈದ್ಯಶಾಸ್ತ್ರದ ಮುಖ್ಯಸ್ಥ ಡಾಕ್ಟರ್ ಯುಜೀನ್ ಸ್ಟೆಡ್ ಈ ಜೋಡಿಯನ್ನು ಬಲ್ಲವರು. ಒಬ್ಬ ಡಾಕ್ಟರು ಒಬ್ಬನನ್ನು ಹೀಗೆ ತಯಾರು ಮಾಡಬಹುದಾದರೆ, ಒಂದು ಕಾಲೇಜು ಎಷ್ಟು ಮಂದಿಯನ್ನು ತಯಾರು ಮಾಡಬಹುದು ಎಂದು ಅವರು ಯೋಚಿಸಿದರು. ಮೊದಲು ನರ್ಸುಗಳಿಗೆ ಹೆಚ್ಚಿನ ಓದು ಕೊಡಲು ನೋಡಿದರು. ಆ ಕೋರ್ಸಿಗೆ ನರ್ಸಿಂಗ್ ಸಂಸ್ಥೆಯ ಮಾನ್ಯತೆ ಸಿಗಲಿಲ್ಲ. ಆಗ ಅವರ ಕಣ್ಣಿಗೆ ಬಿದ್ದವರು ನೌಕಾಪಡೆಯಿಂದ ಮನೆಗೆ ಮರಳಿದ ವೈದ್ಯಕೀಯ ಸಿಪಾಯಿಗಳು.

ಇವರ ಕಥೆ ಕೇಳಿ, ಮಕ್ಕಳೇ. ಹಡಗಿನಲ್ಲಿ, ರಣಭೂಮಿಯಲ್ಲಿ ಗುಂಡು ತಾಗಿದವನ ಹತ್ತಿರ ಮೊದಲು ಓಡಿ ಹೋಗುವವರು ಇವರು. ರಕ್ತ ನಿಲ್ಲಿಸಿ, ಮುರಿದ ಎಲುಬಿಗೆ ಪಟ್ಟಿ ಕಟ್ಟಿ, ಸೂಜಿ ಚುಚ್ಚಿ, ಜೀವ ಹಿಡಿದಿಡುವವರು. ಅಷ್ಟೆಲ್ಲ ಮಾಡಿ ಊರಿಗೆ ಬಂದರೆ ಅವರ ವಿದ್ಯೆಗೆ ತಕ್ಕ ಹುದ್ದೆಯೇ ಇಲ್ಲ! ಕೈಗೆ ಕೆಲಸ ಗೊತ್ತು, ಕಾಗದದ ಮೇಲೆ ಏನೂ ಇಲ್ಲ. ಡಾಕ್ಟರ್ ಸ್ಟೆಡ್ 1965ರಲ್ಲಿ ಅಂಥ ನಾಲ್ವರನ್ನು ಸೇರಿಸಿಕೊಂಡು ಎರಡು ವರ್ಷದ ಕೋರ್ಸು ಆರಂಭಿಸಿದರು. 1967ರ ಅಕ್ಟೋಬರ್ 6ರಂದು ಮೂವರು ಪಾಸಾಗಿ ಹೊರಬಂದರು. ಜಗತ್ತಿನ ಮೊದಲ ಫಿಸಿಷಿಯನ್ ಅಸಿಸ್ಟೆಂಟರು ಅವರು. ಇಂದು ಅಮೆರಿಕದಲ್ಲಿ ಅವರಂಥವರು ಒಂದೂವರೆ ಲಕ್ಷಕ್ಕೂ ಹೆಚ್ಚು ಇದ್ದಾರೆ. ಬೀಜ ಮಾತ್ರ ಮೂರೇ.

ಇನ್ನೊಬ್ಬರ ಹೆಸರು ಹೇಳಲೇಬೇಕು. ಇದನ್ನು ಹೆಣ್ಣುಮಕ್ಕಳು ಗಮನವಿಟ್ಟು ಕೇಳಬೇಕು. ಜಾಯ್ಸ್ ನಿಕೋಲ್ಸ್ ಎಂಬ ಕಪ್ಪು ಜನಾಂಗದ ಹೆಣ್ಣುಮಗಳು ಅದೇ ಡ್ಯೂಕ್ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಕೆಳದರ್ಜೆಯ ನರ್ಸ್ ಆಗಿದ್ದರು. ಈ ಹೊಸ ಕೋರ್ಸಿನ ಸುದ್ದಿ ಅವರ ಕಿವಿಗೆ ಬಿತ್ತು. ಅದುವರೆಗೆ ಅಲ್ಲಿ ಓದಿದವರು ಗಂಡಸರು, ಅದರಲ್ಲೂ ಸೈನ್ಯದಿಂದ ಬಂದವರು. ನಿಕೋಲ್ಸ್ ಬಾಯಿ ಹಿಂದೆಗೆಯಲಿಲ್ಲ, ಅರ್ಜಿ ಹಾಕಿದರು. ಓದುವಾಗ ಮನೆಗೆ ಬೆಂಕಿ ಬಿದ್ದು ಎಲ್ಲ ಹೋಯಿತು. ಕಲಿಸುವವರು, ಜೊತೆಗೆ ಕಲಿಯುವವರು ಕೈಜೋಡಿಸಿದರು. 1970ರಲ್ಲಿ ಪಾಸಾದಾಗ ಅವರು ಈ ವಿದ್ಯೆಯನ್ನು ಕ್ರಮವಾಗಿ ಓದಿದ ಮೊದಲ ಮಹಿಳೆ ಆದರು. ಆಮೇಲೆ ಎಲ್ಲಿ ಹೋದರು? ದೊಡ್ಡ ಪಟ್ಟಣದ ದೊಡ್ಡ ಪಗಾರಕ್ಕೆ ಹೋಗಲಿಲ್ಲ. ತಮ್ಮದೇ ಊರಿನ ಸುತ್ತ ಡಾಕ್ಟರರಿಲ್ಲದ ಹಳ್ಳಿಗಳಿಗೆ ಚಿಕಿತ್ಸಾಲಯ ತರಲು ದುಡಿದರು.

ಈ ಮೂರು ಕಥೆಗಳಲ್ಲಿ ಒಂದು ಸಮಾನ ಸಂಗತಿ ಇದೆ. ಟ್ರೆಡ್‌ವೆಲ್ ಆಗಲಿ, ಆ ಸಿಪಾಯಿಗಳಾಗಲಿ, ನಿಕೋಲ್ಸ್ ಬಾಯಿಯಾಗಲಿ, ಯಾರೂ ಪುಸ್ತಕ ನೋಡಿ ಈ ದಾರಿಗೆ ಬಂದವರಲ್ಲ. ಮೊದಲೇ ರೋಗಿಯ ಪಕ್ಕದಲ್ಲಿ ನಿಂತಿದ್ದರು. ನಿಂತಲ್ಲಿ ಅವರಿಗೆ, ‘ನನಗೆ ಇನ್ನಷ್ಟು ತಿಳಿದಿದ್ದರೆ ಇವರಿಗೆ ಇನ್ನಷ್ಟು ಮಾಡಬಹುದಿತ್ತು’ ಎಂದು ಅನ್ನಿಸಿತು. ಆ ಅನ್ನಿಸಿಕೆಯೇ ಅವರನ್ನು ಮತ್ತೆ ಶಾಲೆಯ ಬಾಕಿಗೆ ಕಳಿಸಿತು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಹೃದಯದ ದಾರಿಯಿಂದ. ಭಾರತದಲ್ಲಿ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1975ರಲ್ಲಿ ಮಾಡಿದ ಡಾಕ್ಟರ್ ಕೆ.ಎಂ. ಚೆರಿಯನ್ ಅವರು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಈ ಕೋರ್ಸು ಆರಂಭಿಸಿದರು. ಹೃದಯಕ್ಕೂ ಇದಕ್ಕೂ ಏನು ಸಂಬಂಧ? ಹೇಳುತ್ತೇನೆ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿಕೊಂಡರೆ, ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ, ಮುಂದಿನ ಹೊಲಕ್ಕೆ ನೀರು ಹೋಗುವುದಿಲ್ಲ. ಹಿಡಕಲ್ ಡ್ಯಾಮಿನ ಕಾಲುವೆ ನೋಡಿದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಆಗ ಡಾಕ್ಟರರು ಪಕ್ಕದಿಂದ ಹೊಸ ಕಾಲುವೆ ತೋಡುತ್ತಾರೆ. ಅದಕ್ಕೆ ಬೇಕಾದ ನಾಳವನ್ನು ಹಲವು ಸಲ ಅದೇ ರೋಗಿಯ ಕಾಲಿನಿಂದ ತೆಗೆಯುತ್ತಾರೆ. ಮುಖ್ಯ ಡಾಕ್ಟರರು ಎದೆಯ ಕಡೆ ಕೆಲಸ ಮಾಡುವಾಗ, ಕಾಲಿನ ನಾಳವನ್ನು ಹರಿಯದ ಹಾಗೆ ಬಿಡಿಸಿ ಕೊಡುವ ಕೆಲಸವನ್ನು ಬಹಳ ಆಸ್ಪತ್ರೆಗಳಲ್ಲಿ ಫಿಸಿಷಿಯನ್ ಅಸಿಸ್ಟೆಂಟರು ಮಾಡುತ್ತಾರೆ. ಆ ನಾಳಕ್ಕೆ ಪೆಟ್ಟಾದರೆ ಹೊಸ ಕಾಲುವೆಯೂ ಕೆಟ್ಟಂತೆ. ಈಗ ಹೇಳಿ, ಇದು ಅರ್ಧ ಕೆಲಸವೇ?

ಅವರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ರೋಗಿ ಬಂದಾಗ ಪೂರ್ತಿ ಕಥೆ ಕೇಳಿ ಬರೆದುಕೊಳ್ಳುವುದು, ಮೈ ಪರೀಕ್ಷೆ ಮಾಡುವುದು, ರಕ್ತ-ಎಕ್ಸ್‌ರೇ ವರದಿಗಳನ್ನು ಜೋಡಿಸಿ ಡಾಕ್ಟರರ ಮುಂದೆ ಇಡುವುದು, ವಾರ್ಡಿನಲ್ಲಿ ದಿನವೂ ಸುತ್ತಿ ಗಾಯ ನೋಡುವುದು, ಮನೆಗೆ ಹೋಗುವಾಗ ಯಾವ ಗುಳಿಗೆ ಯಾವಾಗ ಎಂದು ತಿಳಿಸಿ ಹೇಳುವುದು, ಎಲ್ಲವೂ ಅದರಲ್ಲಿ ಸೇರಿದೆ. ಎಲ್ಲ ಡಾಕ್ಟರರ ಮೇಲ್ವಿಚಾರಣೆಯಲ್ಲಿ. ಪಿಯುಸಿ ವಿಜ್ಞಾನದ ನಂತರ ಸಾಮಾನ್ಯವಾಗಿ ಮೂರು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲಿಯುವುದು. 2021ರಲ್ಲಿ ಕೇಂದ್ರ ಸರಕಾರ ಇಂಥ ಆರೋಗ್ಯ ವೃತ್ತಿಗಳಿಗೆಲ್ಲ ಸೇರಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಈ ವೃತ್ತಿಯೂ ಇದೆ. ನರ್ಸುಗಳಿಗೆ 1947ರಲ್ಲೇ ಅವರದೇ ಕಾಯ್ದೆ ಬಂದಿತ್ತು ಅಂದರೆ, ಈ ಮಕ್ಕಳ ಹೆಸರು ಕಾನೂನಿನ ಪುಸ್ತಕಕ್ಕೆ ಏರಲು ಎಷ್ಟು ತಡವಾಯಿತು ನೋಡಿ.

ಮುತ್ಯಾನ ‘ಅರ್ಧ ಡಾಕ್ಟರ್’ ಮಾತಿಗೆ ಈಗ ನನ್ನ ಬ್ಯಾಂಕಿನ ಉತ್ತರ ಕೊಡುತ್ತೇನೆ.

ಹಿಂದೆ ಬ್ಯಾಂಕಿನಲ್ಲಿ ಟೆಲ್ಲರ್ ಎಂಬ ಕೌಂಟರ್ ಇರುತ್ತಿತ್ತು. ಅಲ್ಲಿ ಕುಳಿತ ಕ್ಲಾರ್ಕಿಗೆ ಒಂದು ಮಿತಿ ಇರುತ್ತಿತ್ತು. ಆ ಮಿತಿಯೊಳಗಿನ ಹಣವನ್ನು ಸಹಿ ತಾಳೆ ನೋಡಿ, ಖಾತೆ ನೋಡಿ, ತಾನೇ ಕೊಡಬಹುದು. ಮಿತಿ ದಾಟಿದರೆ, ಇಲ್ಲವೇ ಸಹಿಯ ಮೇಲೆ ಅನುಮಾನ ಬಂದರೆ, ಚೀಟಿ ಅಧಿಕಾರಿಯ ಮೇಜಿಗೆ ಹೋಗಬೇಕು. ಟೆಲ್ಲರ್ ಇದ್ದುದರಿಂದಲೇ ಸಂತೆಯ ದಿನ ಐವತ್ತು ರೂಪಾಯಿ ತೆಗೆಯಲು ಬಂದ ಮುದುಕಿ ಒಂದು ತಾಸು ನಿಲ್ಲುವುದು ತಪ್ಪುತ್ತಿತ್ತು. ಅಧಿಕಾರಿಗೂ ದೊಡ್ಡ ಸಾಲದ ಕಾಗದ ನಿಧಾನವಾಗಿ ಓದಲು ಆಗುತ್ತಿತ್ತು. ಆ ಕುರ್ಚಿಯ ಮೇಲೆ ಕುಳಿತ ನನ್ನನ್ನು ಯಾರೂ ಅರ್ಧ ಮ್ಯಾನೇಜರ್ ಅನ್ನಲಿಲ್ಲ. ನಾನು ಪೂರ್ತಿ ಕ್ಲಾರ್ಕ್ ಆಗಿದ್ದೆ. ನನ್ನ ಮಿತಿ ನನಗೆ ಗೊತ್ತಿತ್ತು, ಅದರೊಳಗಿನ ಕೆಲಸಕ್ಕೆ ನಾನೇ ಜವಾಬ್ದಾರ. ‘ಇದನ್ನು ಸಾಹೇಬರಿಗೆ ತೋರಿಸಬೇಕು’ ಎಂದು ಸರಿಯಾದ ಹೊತ್ತಿಗೆ ಎದ್ದು ಹೋಗುವುದೇ ಆ ಕುರ್ಚಿಯ ದೊಡ್ಡ ವಿದ್ಯೆ.

ಡಾಕ್ಟರರ ಪಕ್ಕದ ಕುರ್ಚಿಗೂ ಇದೇ ಮಾತು. ಅಲ್ಲಿ ಮಿತಿ ತಪ್ಪಿದರೆ ಹೋಗುವುದು ಹಣವಲ್ಲ, ಜೀವ. ಅದಕ್ಕೇ ಈ ಹುದ್ದೆಯ ಹೆಸರಿನ ಬಗ್ಗೆಯೂ ಜಗತ್ತಿನಲ್ಲಿ ವಾದ ನಡೆದಿದೆ. ಅಮೆರಿಕದಲ್ಲಿ ಇವರ ಸಂಘ 2021ರಲ್ಲಿ ‘ಅಸಿಸ್ಟೆಂಟ್’ ಬೇಡ, ‘ಅಸೋಸಿಯೇಟ್’ ಇರಲಿ ಅಂದಿತು. ಇಂಗ್ಲೆಂಡಿನಲ್ಲಿ ‘ಅಸೋಸಿಯೇಟ್’ ಎಂದು ರೂಢಿಯಾಗಿದ್ದರೆ, 2025ರಲ್ಲಿ ಸರಕಾರ ಕೇಳಿದ ಪರಿಶೀಲನೆಯ ವರದಿ ‘ಅಸಿಸ್ಟೆಂಟ್’ ಎಂದೇ ಕರೆಯಿರಿ ಅಂದಿತು. ಯಾಕೆ? ರೋಗಿಗಳು ಇವರನ್ನೇ ಡಾಕ್ಟರ್ ಎಂದು ತಿಳಿಯಬಾರದು ಎಂದು. ಹೆಸರು ಯಾವುದಾದರೂ ಇರಲಿ, ಎದುರಿಗೆ ಕುಳಿತ ಅಜ್ಜಿಗೆ ‘ನನ್ನನ್ನು ನೋಡುತ್ತಿರುವವರು ಯಾರು’ ಎಂಬುದು ಸ್ಪಷ್ಟವಾಗಿ ಗೊತ್ತಿರಬೇಕು. ನಾಲ್ಕು ಗುಳಿಗೆಯ ಹೆಸರು ಕಲಿತು ಬೋರ್ಡು ಹಾಕಿಕೊಂಡು ಕೂಡ್ರುವವರನ್ನು ನಾವೆಲ್ಲ ನೋಡಿದ್ದೇವೆ. ಆ ದಾರಿ ಬೇರೆ, ಈ ದಾರಿ ಬೇರೆ.

ಇಷ್ಟು ಹೇಳಿ ನಾನು ಹುಡುಗಿಯ ಕಡೆ ತಿರುಗಿದೆ. “ಈಗ ಹೇಳವ್ವಾ. ಇಂಗ್ಲಿಷ್ ಆಮೇಲೆ ನೋಡೋಣ. ಕನ್ನಡದಾಗ ಹೇಳು. ನಿನಗ ಯಾಕ ಬೇಕು ಇದು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಆರಂಭಿಸಿದಳು.

“ಅಜ್ಜಾರ, ಹೋದ ವರ್ಷ ಒಬ್ಬಾಕಿ ಮುದುಕಿ ಬಂದಿದ್ಲರಿ. ನಮ್ಮ ಕಡೀದಾಕಿನ. ಹೃದಯದ ತ್ರಾಸ ಅಂತ ಅಡ್ಮಿಟ್ ಮಾಡಿದ್ರು. ರಕ್ತ ತೆಳ್ಳಗಾಗೋ ಗುಳಿಗಿ ಕೊಡ್ತಿದ್ರು. ಡಾಕ್ಟರ್ ರೌಂಡಿಗೆ ಬಂದಾಗ ಬ್ಯಾರೆ ಏನರ ಗುಳಿಗಿ ತಗೋತೀರೇನು ಅಂತ ಕೇಳಿದ್ರು. ಆಕಿ ಇಲ್ಲ ಅಂದ್ಲು. ಡಾಕ್ಟರ್ ಮುಂದ ಹೋದ್ರು, ಹಿಂದ ಇನ್ನೂ ಮೂವತ್ತು ಮಂದಿ ಇದ್ರು. ನಾ ಇಸಿಜಿ ತಗ್ಯಾಕ ಹೋದಾಗ ಆಕಿ ನನ್ನ ಕೈ ಹಿಡದು, ಯವ್ವಾ, ಮೊಣಕಾಲ ನೋವಿಗೆ ಅಂಗಡ್ಯಾಗಿನ ಗುಳಿಗಿ ದಿನಾ ನುಂಗ್ತೀನಿ, ನಾಕು ದಿನದಿಂದ ಸಂಡಾಸ ಡಾಂಬರಿನಂಗ ಕಪ್ಪಗ ಆಗಾಕತ್ತೈತಿ, ಗಂಡಸರ ಮುಂದ ಹ್ಯಾಂಗ ಹೇಳ್ಲಿ, ಅಂದ್ಲು.”

“ಆಮೇಲೆ?”

“ನಾ ಓಡಿ ಹೋಗಿ ಸಿಸ್ಟರಿಗೆ ಹೇಳಿದ್ನಿರಿ. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದ್ರು. ಡಾಕ್ಟರ್ ತಿರುಗಿ ಬಂದ್ರು, ಔಷಧ ಬದಲಿ ಮಾಡಿದ್ರು. ಮುದುಕಿ ಉಳಿದ್ಲು. ಎಲ್ಲಾರೂ ನನಗ ಶಾಬಾಸ್ ಅಂದ್ರು. ಆದ್ರ ಅಜ್ಜಾರ, ಇದು ದೊಡ್ಡ ಮಾತು ಅಂತ ನನಗ ಅನಿಸಿತ್ತು ಅಷ್ಟ. ಯಾಕ ದೊಡ್ಡದು ಅನ್ನೋದು ಗೊತ್ತಿರ್ಲಿಲ್ಲ. ಆ ‘ಯಾಕ’ ನನಗ ಬೇಕಾಗೈತ್ರಿ. ಮುಂದ ಇಂಥಾಕಿ ಇನ್ನೊಬ್ಬಾಕಿ ಬಂದ್ರ, ಆಕಿ ಹೇಳೂಕಿಂತ ಮೊದಲ ನಾನ ಕೇಳಬೇಕು.”

ಮಕ್ಕಳೇ, ಆಕೆ ಹೇಳಿದ್ದರ ‘ಯಾಕೆ’ ನಿಮಗೆ ಹೇಳುತ್ತೇನೆ. ಹೃದಯದ ರೋಗಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಗುಳಿಗೆ ಕೊಡುತ್ತಾರೆ. ನೋವಿನ ಗುಳಿಗೆಗಳಲ್ಲಿ ಹಲವು ಹೊಟ್ಟೆಯ ಒಳಪದರಕ್ಕೆ ಹುಣ್ಣು ಮಾಡಬಲ್ಲವು. ಎರಡೂ ಸೇರಿದರೆ ಹುಣ್ಣಿನಿಂದ ರಕ್ತ ಸೋರುವ ಅಪಾಯ ಹೆಚ್ಚು. ಸೋರಿದ ರಕ್ತ ಕರುಳಿನಲ್ಲಿ ಇಳಿದು ಬರುವಾಗ ಕಪ್ಪಾಗುತ್ತದೆ. ಹೊರಗೆ ಗಾಯ ಕಾಣುವುದಿಲ್ಲ, ಒಳಗೆ ರಕ್ತ ಹೋಗುತ್ತಿರುತ್ತದೆ. ಅಜ್ಜಿಯ ಆ ಒಂದು ಮಾತು ಯಂತ್ರದ ಗೆರೆಯಲ್ಲಿ ಬರುವಂಥದ್ದಲ್ಲ. ಅದು ಬರಬೇಕಾದರೆ ಹತ್ತಿರ ಕುಳಿತವರ ಮೇಲೆ ನಂಬಿಕೆ ಹುಟ್ಟಬೇಕು.

“ಇದನ್ನ ಬರಿಯವ್ವಾ,” ಅಂದೆ. “ಒಂದ ಅಕ್ಷರ ಹೆಚ್ಚಿಗಿ ಬ್ಯಾಡ.”

ಮುತ್ಯಾ ಚಹಾದ ಬಟ್ಟಲು ಕೆಳಗಿಟ್ಟು ಬಹಳ ಹೊತ್ತು ಮೊಮ್ಮಗಳನ್ನು ನೋಡಿದರು. “ಇದನ್ನ ನಮಗ ಮನ್ಯಾಗ ಹೇಳೇ ಇಲ್ಲಲ್ಲ ನೀ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಫೀ ಎಷ್ಟು ಅಂತ ಬರದಾರ ನೋಡ್ರಿ ಸಾಹೇಬ್ರ,” ಅಂದರು. ಆ ಪ್ರಶ್ನೆ ಬಂತೆಂದರೆ ಅರ್ಧ ಒಪ್ಪಿಗೆ ಬಂದಂತೆ ಎಂದು ಸಾಲದ ಕೌಂಟರಿನಲ್ಲಿ ಕುಳಿತವರಿಗೆ ಗೊತ್ತು. ಅರ್ಜಿ ಹೋಗಿದೆ. ಸಂದರ್ಶನ ಇನ್ನೂ ಆಗಬೇಕು.

ನನ್ನ ವಾರಿಗೆಯ ಅಜ್ಜ-ಅಜ್ಜಿಯರಿಗೆ ಎರಡು ಮಾತು. ನೀಟ್‌ನಲ್ಲಿ ಸೀಟು ಸಿಗದ ಮೊಮ್ಮಕ್ಕಳನ್ನು ‘ಆಟ ಮುಗೀತು’ ಎಂಬಂತೆ ನೋಡಬೇಡಿ. ಆ ಮುಖ ನೋಡಿಯೇ ಮಕ್ಕಳು ಅರ್ಧ ಸೋಲುತ್ತವೆ. ಹಾಗೆಂದು ಕಾಗದ ನೋಡದೆ ಯಾವ ಕೋರ್ಸಿಗೂ ರೊಕ್ಕ ಕಟ್ಟಬೇಡಿ. ಈ ವೃತ್ತಿ ನಮ್ಮ ದೇಶದಲ್ಲಿ ಇನ್ನೂ ಎಳೆಯದು. ಹಳ್ಳಿಯ ಸರಕಾರಿ ದವಾಖಾನೆಗಳಿಗಿಂತ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಹೆಚ್ಚು ಕೆಲಸ. ಸಾಲ ಕೊಡುವ ಮೊದಲು ನಾವು ಬ್ಯಾಂಕಿನವರು ಕೇಳುತ್ತಿದ್ದ ಹಾಗೆ ಕಾಲೇಜಿನವರನ್ನೂ ಕೇಳಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಕೋರ್ಸಿಗೆ ಮಾನ್ಯತೆ ಇದೆಯೇ? ಕಾಗದ ತೋರಿಸಿ. ಮಕ್ಕಳು ಕೆಲಸ ಕಲಿಯುವುದು ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಹಾಸಿಗೆ ಎಷ್ಟು? ಹಿಂದಿನ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರ ಜೊತೆ ಮಾತಾಡಿಸುವಿರಾ? ನೇರ ಉತ್ತರ ಬಂದರೆ ಮುಂದೆ ಹೋಗಿ. ತಡವರಿಸಿದರೆ ಚೀಲ ಎತ್ತಿಕೊಂಡು ಬಸ್ಸು ಹಿಡಿಯಿರಿ.

ಮಕ್ಕಳೇ, ನಿಮಗೂ ಒಂದು ಮಾತು. ‘ಏನಾಗ್ತೀ?’ ಎಂದು ಕೇಳಿದಾಗ ಹುದ್ದೆಯ ಹೆಸರು ಹೇಳುವುದು ಸುಲಭ. ಇನ್ನು ಮೇಲೆ ಅದರ ಹಿಂದೆ ಒಂದು ‘ಯಾಕೆ’ ಸೇರಿಸಿ ನೋಡಿ. ಬಿಳಿ ಕೋಟು ಚಂದ ಅಂತ, ಗೆಳತಿ ಹೋದಳು ಅಂತ, ಬೀಗರು ಮೆಚ್ಚುತ್ತಾರೆ ಅಂತ ಆರಿಸಿದ ಕೆಲಸ ರಾತ್ರಿ ಪಾಳಿ ಬಂದಾಗ ಭಾರವಾಗುತ್ತದೆ. ನೀವು ಕಣ್ಣಾರೆ ಕಂಡ ಒಬ್ಬರ ಕಷ್ಟ, ಕಿವಿಯಾರೆ ಕೇಳಿದ ಒಂದು ಮಾತು, ‘ಇದು ನನಗೆ ತಿಳಿದಿದ್ದರೆ’ ಎಂದು ರಾತ್ರಿ ನಿದ್ದೆ ಬಿಡಿಸಿದ ಒಂದು ಪ್ರಶ್ನೆ, ಇಂಥದ್ದೊಂದು ಇದ್ದರೆ ಆ ಭಾರ ಹೊರಬಹುದು. ಡಾಕ್ಟರ್ ಆದರೂ ಸರಿ, ಡಾಕ್ಟರರ ಪಕ್ಕ ಕೂತರೂ ಸರಿ, ಶಾಲೆಯ ಮಾಸ್ತರರಾದರೂ ಸರಿ. ಈಗ ಕಾರಣ ಗೊತ್ತಿಲ್ಲವೇ? ಚಿಂತೆ ಬೇಡ. ಕಿವಿ ತೆರೆದಿಟ್ಟುಕೊಂಡು ಓಡಾಡಿ, ಅದು ತಾನಾಗಿ ಬರುತ್ತದೆ.

ಕಿವಿ ತೆರೆಯಲು ಈ ಭಾನುವಾರ ಒಂದು ಮನೆಗೆಲಸ ಕೊಡುತ್ತೇನೆ. ನೋಟಬುಕ್ಕಿನ ಒಂದು ಹಾಳೆ ಹರಿದುಕೊಳ್ಳಿ. ಅಜ್ಜ ಅಥವಾ ಅಜ್ಜಿಯ ಪಕ್ಕದಲ್ಲಿ ಕುಳಿತು ಅವರು ದಿನವೂ ತೆಗೆದುಕೊಳ್ಳುವ ಔಷಧಗಳ ಹೆಸರನ್ನು ಚೀಟಿ ನೋಡಿ ಬರೆಯಿರಿ. ಎಷ್ಟು ಮಿಲಿಗ್ರಾಂ, ಬೆಳಿಗ್ಗೆಯೋ ರಾತ್ರಿಯೋ, ಊಟದ ಮೊದಲೋ ಆಮೇಲೋ ಎಂದೂ ಬರೆಯಿರಿ. ಅಂಗಡಿಯಿಂದ ತಾವೇ ತಂದ ನೋವಿನ ಗುಳಿಗೆ, ಕಷಾಯ, ಪುಡಿ ಏನಾದರೂ ಇದ್ದರೆ ಅದೂ ಬೇಕು. ಯಾವುದಾದರೂ ಔಷಧ ಮೈಗೆ ಒಗ್ಗದೆ ತುರಿಕೆ, ಬಾವು ಬಂದಿತ್ತೇ? ಹಿಂದೆ ಆಪರೇಷನ್ ಆಗಿತ್ತೇ, ಯಾವ ವರ್ಷ? ಕೊನೆಗೆ ಮನೆಯವರ ಫೋನ್ ನಂಬರು. ಹಾಳೆಯನ್ನು ಮಡಚಿ ಅಜ್ಜಿಯ ಸಂಚಿಯಲ್ಲೋ ಅಜ್ಜನ ಕಿಸೆಯಲ್ಲೋ ಇಡಿ. ಔಷಧ ಬದಲಾದಾಗ ಹೊಸದಾಗಿ ಬರೆಯಿರಿ. ನೀವು ಓದಿ ಯಾವುದನ್ನೂ ನಿಲ್ಲಿಸುವುದು, ಬದಲಿಸುವುದು ಬೇಡ. ಅದು ಡಾಕ್ಟರರ ಮೇಜಿನ ಕೆಲಸ.

ದವಾಖಾನೆಯಲ್ಲಿ ‘ಬೇರೆ ಏನಾದರೂ ಗುಳಿಗೆ ತಗೋತೀರಾ?’ ಎಂದು ಯಾರಾದರೂ ಕೇಳಿದರೆ ಅಜ್ಜಿ ಇನ್ನು ನಾಚಬೇಕಾಗಿಲ್ಲ, ಮರೆಯಬೇಕಾಗಿಲ್ಲ. ಹಾಳೆ ತೆಗೆದು ಕೊಟ್ಟರೆ ಸಾಕು. ಬರೆಯುವಾಗ ಅಜ್ಜಿ ನಡುವೆ ಬೇರೆ ಕಥೆ ಆರಂಭಿಸಿದರೆ ಅವಸರ ಮಾಡಬೇಡಿ, ಪೂರ್ತಿ ಕೇಳಿ. ಮುಂದಿನ ವಾರ ಮತ್ತೆ ಸಿಗೋಣ.